ಚಿತ್ರಕಾರನ ಲೇಖನಿ, ವಿಮರ್ಶಕನ ಅಧಿಕಾರ: ವಿಸ್ಲರನ ಬರಹಗಳನ್ನು ಕುರಿತು

1

ಪ್ರಾಚೀನ ಹಾಗೂ ಮಧ್ಯಕಾಲೀನ ಕನ್ನಡ ಕಾವ್ಯಗಳ ಪೀಠಿಕಾಭಾಗವನ್ನು ಓದಿದವರಿಗೆ ಕುಕವಿನಿಂದೆಯ ಪರಿಚಯ ಇದ್ದೇ ಇರುತ್ತದೆ. ಇಷ್ಟದೇವತಾಸ್ತುತಿ, ಪೂರ್ವಕವಿಸ್ಮರಣೆಗಳು ಮುಗಿದ ಮೇಲೆ ಕವಿಯು ತನ್ನ ಕೃತಿಯ ಬೆಲೆಯನ್ನು ಅರಿಯಲಾರದವರ ಕಡೆಗೆ ತಿರುಗಿ ಮಾತಿನ ಚಾಟಿ ಬೀಸುತ್ತಾನೆ. ರನ್ನನಂತೂ ‘ಅಜಿತಪುರಾಣ’ದಲ್ಲಿ (ಕ್ರಿ.ಶ. 993) ಆದಿಶೇಷನ ಹೆಡೆಯ ಮಣಿಯನ್ನೂ ತನ್ನ ಕೃತಿರತ್ನವನ್ನೂ ಒಂದೇ ಸಾಲಿನಲ್ಲಿಟ್ಟು, ಅವನ್ನು ಪರೀಕ್ಷಿಸಲು ಹೊರಡುವವನ ಎದೆಗಾರಿಕೆಯನ್ನೇ ಪ್ರಶ್ನಿಸುತ್ತಾನೆ. ಇಂಥ ಪದ್ಯಗಳನ್ನು ಕವಿಸಮಯವೆಂದು ಬಗೆದು ಮುಂದೆ ಸಾಗುವುದು ನಮ್ಮ ಅಧ್ಯಯನದ ರೂಢಿಯಾಗಿದೆ. ಆದರೆ ಆ ಸಂಪ್ರದಾಯದ ಒಳಗೆ ಒಂದು ಜೀವಂತ ಪ್ರಶ್ನೆ ಅಡಗಿದೆ. ಕೃತಿಯನ್ನು ಅಳೆಯುವ ಅಧಿಕಾರ ಯಾರದು? ಅದನ್ನು ಮಾಡಿದವನದೇ? ಮಾಡುವ ವಿದ್ಯೆಯನ್ನು ಬಲ್ಲ ಇತರರದೇ? ಅಥವಾ ಮಾಡಲು ಬಾರದಿದ್ದರೂ ಕಾಣಲು ಬಲ್ಲವನದೇ?

ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಹಟದಿಂದ ಎತ್ತಿದ ಗ್ರಂಥ ಜೇಮ್ಸ್ ಮೆಕ್‌ನೀಲ್ ವಿಸ್ಲರನದು. ಅಮೆರಿಕದ ಲೊವೆಲ್‌ನಲ್ಲಿ 1834ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು, ಲಂಡನ್ನಿನಲ್ಲಿ ನೆಲೆಸಿ, 1903ರಲ್ಲಿ ಅಲ್ಲಿಯೇ ತೀರಿಕೊಂಡ ಈ ಚಿತ್ರಕಾರ ತನ್ನ ಪತ್ರಗಳು, ಕಿರುಹೊತ್ತಗೆಗಳು ಹಾಗೂ ಒಂದು ಉಪನ್ಯಾಸವನ್ನು ಕೂಡಿಸಿ 1890ರಲ್ಲಿ ‘ದ ಜೆಂಟಲ್ ಆರ್ಟ್ ಆಫ್ ಮೇಕಿಂಗ್ ಎನಿಮೀಸ್’ ಎಂಬ ಗ್ರಂಥವನ್ನು ಹೊರತಂದ. ಹಗೆಗಳನ್ನು ಗಳಿಸಿಕೊಳ್ಳುವ ನಯವಾದ ಕಲೆ ಎಂಬುದು ಆ ಹೆಸರಿನ ಭಾವ. ಪಾಶ್ಚಾತ್ಯ ಕಲಾಚರಿತ್ರೆಯಲ್ಲಿ ಇದು ಬಹುಮಟ್ಟಿಗೆ ಚಮತ್ಕಾರೋಕ್ತಿಗಳ ಕೋಶವೆಂದು ಪ್ರಸಿದ್ಧವಾಗಿದೆ. ನಾವು ಇದನ್ನು ವಿಮರ್ಶೆಯ ಅಧಿಕಾರವನ್ನು ಕುರಿತ ಗ್ರಂಥವಾಗಿ ಓದಬಯಸುತ್ತೇವೆ. ಹಾಗೆ ಓದಿದಾಗ, ವಿಮರ್ಶಕನಿಗೆ ಎಡೆಯೇ ಇಲ್ಲವೆಂದು ಸಾಧಿಸಹೊರಟ ಈ ಕೃತಿಯು ತನ್ನ ರಚನೆಯಿಂದಲೇ ಆ ವಾದವನ್ನು ಅಲ್ಲಗಳೆಯುತ್ತದೆ ಎಂಬುದೂ, ಆದರೂ ಅದು ಸಾಹಿತ್ಯದವರಾದ ನಮಗೆ ಒಡ್ಡುವ ಆಕ್ಷೇಪ ಇನ್ನೂ ಉತ್ತರವಿಲ್ಲದೆ ಉಳಿದಿದೆ ಎಂಬುದೂ ತೋರಿಬರುತ್ತದೆ.

2

ಮೊದಲು ಪ್ರಸಂಗದ ಹಿನ್ನೆಲೆ. 1877ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಗ್ರೋವೆನರ್ ಗ್ಯಾಲರಿ ಎಂಬ ಹೊಸ ಚಿತ್ರಶಾಲೆ ತೆರೆಯಿತು. ಅಲ್ಲಿ ಪ್ರದರ್ಶಿತವಾದ ವಿಸ್ಲರನ ಕೃತಿಗಳಲ್ಲಿ ‘ಕಪ್ಪು ಮತ್ತು ಹೊನ್ನಿನ ನಾಕ್ಟರ್ನ್: ಬೀಳುತ್ತಿರುವ ಬಾಣ’ ಎಂಬುದೂ ಒಂದು. ಥೇಮ್ಸ್ ನದಿಯ ದಡದ ಕ್ರೆಮೋರ್ನ್ ಉದ್ಯಾನದಲ್ಲಿ ಇರುಳು ನಡೆಯುತ್ತಿದ್ದ ಬಾಣಬಿರುಸಿನ ನೋಟ ಅದರ ವಸ್ತು. ಕತ್ತಲ ಹಿನ್ನೆಲೆ, ಹೊಗೆ, ಅಲ್ಲಲ್ಲಿ ಉದುರುವ ಕಿಡಿಗಳು, ಮಬ್ಬಾಗಿ ಕಾಣುವ ಕೆಲವು ಆಕೃತಿಗಳು ಇಷ್ಟೇ ಅದರಲ್ಲಿರುವುದು. ಅದಕ್ಕೆ ಕಟ್ಟಿದ್ದ ಬೆಲೆ 200 ಗಿನಿ.

ಜಾನ್ ರಸ್ಕಿನ್ ಆಗ ಇಂಗ್ಲೆಂಡಿನ ಕಲಾವಿಮರ್ಶೆಯ ಪರಮಾಧಿಕಾರಿ, ಆಕ್ಸ್‌ಫರ್ಡ್‌ನಲ್ಲಿ ಕಲೆಯ ಪ್ರಾಧ್ಯಾಪಕ. ಬ್ರಿಟನ್ನಿನ ಶ್ರಮಜೀವಿಗಳನ್ನು ಸಂಬೋಧಿಸಿ 1871ರಿಂದ ಆತ ಬರೆಯುತ್ತಿದ್ದ ‘ಫೋರ್ಸ್ ಕ್ಲಾವಿಗೆರಾ’ ಪತ್ರಮಾಲೆಯ 1877ರ ಜುಲೈ ಸಂಚಿಕೆಯಲ್ಲಿ ಈ ಚಿತ್ರವನ್ನು ಕುರಿತು ಕಟುವಾಗಿ ಬರೆದ. ಸಾರ್ವಜನಿಕರ ಮುಖಕ್ಕೆ ಒಂದು ಗಡಿಗೆ ಬಣ್ಣ ಎರಚಿ 200 ಗಿನಿ ಕೇಳುವ ಧಾರ್ಷ್ಟ್ಯ ಇದು ಎಂಬುದು ಆತನ ಮಾತಿನ ತಾತ್ಪರ್ಯ. ವಿಸ್ಲರ್ ಮಾನಹಾನಿಯ ದಾವೆ ಹೂಡಿ 1000 ಪೌಂಡ್ ಪರಿಹಾರ ಕೇಳಿದ. ರಸ್ಕಿನ್ ಅನಾರೋಗ್ಯದಿಂದಾಗಿ ನ್ಯಾಯಾಲಯಕ್ಕೆ ಬರಲಿಲ್ಲ. 1878ರ ನವೆಂಬರ್ 25 ಮತ್ತು 26ರಂದು ವಿಚಾರಣೆ ನಡೆದು, ಜ್ಯೂರಿಯು ವಿಸ್ಲರನ ಪರವಾಗಿ ತೀರ್ಪಿತ್ತು ಒಂದು ಫಾರ್ದಿಂಗ್ ಪರಿಹಾರವನ್ನು ನಿಗದಿಪಡಿಸಿತು. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲುಭಾಗ. ದಾವೆಯ ಖರ್ಚು ಸಿಗಲಿಲ್ಲ. ಮರುವರ್ಷ ವಿಸ್ಲರ್ ದಿವಾಳಿಯಾದ. ಹೊಸದಾಗಿ ಕಟ್ಟಿಸಿದ್ದ ಮನೆ ಕೈಬಿಟ್ಟಿತು. ಅದನ್ನು ಕೊಂಡವನು ಹ್ಯಾರಿ ಕ್ವಿಲ್ಟರ್ ಎಂಬ ಕಲಾವಿಮರ್ಶಕ! ಇತ್ತ ರಸ್ಕಿನ್ ತನ್ನ ಅಭಿಪ್ರಾಯ ಹೇಳಿದ್ದಕ್ಕೆ ಕಾನೂನು ದಂಡ ವಿಧಿಸುವುದಾದರೆ ಪೀಠದಲ್ಲಿ ಕೂರಲಾರೆನೆಂದು 1879ರಲ್ಲಿ ಪ್ರಾಧ್ಯಾಪಕ ಪದವಿಯನ್ನು ಬಿಟ್ಟ.

ಈ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ರಸ್ಕಿನ್ನನ ಖ್ಯಾತಿಯ ಮೂಲವೇ ಆಧುನಿಕ ಚಿತ್ರಕಾರನೊಬ್ಬನ ಸಮರ್ಥನೆ. 1843ರಲ್ಲಿ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ಮೊದಲ ಸಂಪುಟವನ್ನು ಆತ ಹೊರತಂದದ್ದು, ಪತ್ರಿಕಾ ವಿಮರ್ಶಕರು ಟರ್ನರನ ಚಿತ್ರಗಳನ್ನು ಹಳಿಯುತ್ತಿದ್ದಾಗ ಅವನ್ನು ಎತ್ತಿಹಿಡಿಯಲೆಂದು. ಹೊಸತನ್ನು ಕಾಣುವ ಕಣ್ಣನ್ನು ಓದುಗರಿಗೆ ಕೊಟ್ಟವನೇ ಮೂವತ್ತನಾಲ್ಕು ವರ್ಷಗಳ ಅನಂತರ ಮತ್ತೊಂದು ಹೊಸತರ ಮುಂದೆ ಕಣ್ಣು ಮುಚ್ಚಿದ. ಎರಡನೆಯದು ಸಾಕ್ಷಿಗಳ ವಿಂಗಡಣೆ. ಕಲಾವಿದರೆಲ್ಲ ಒಂದು ಕಡೆ, ವಿಮರ್ಶಕರೆಲ್ಲ ಇನ್ನೊಂದು ಕಡೆ ಎಂದು ನಾವು ನಿರೀಕ್ಷಿಸಿದರೆ ನಿರಾಶೆಯಾಗುತ್ತದೆ. ರಸ್ಕಿನ್ನನ ಪರವಾಗಿ ‘ಟೈಮ್ಸ್’ ಪತ್ರಿಕೆಯ ವಿಮರ್ಶಕ ಟಾಮ್ ಟೇಲರನೊಂದಿಗೆ ಬರ್ನ್-ಜೋನ್ಸ್, ಫ್ರಿತ್ ಎಂಬ ಇಬ್ಬರು ಹೆಸರಾಂತ ಚಿತ್ರಕಾರರು ಸಾಕ್ಷಿ ನುಡಿದರು. ವಿಸ್ಲರನ ಪರವಾಗಿ ಆಲ್ಬರ್ಟ್ ಮೂರ್, ವಿಲ್ಸ್ ಎಂಬ ಕಲಾವಿದರೊಡನೆ ನಿಂತವನು ವಿಲಿಯಂ ಮೈಕೆಲ್ ರೊಸೆಟ್ಟಿ, ಆತನೋ ವಿಮರ್ಶಕ. ಕುಂಚ ಹಿಡಿದವರೆಲ್ಲ ಏಕಮತದವರೆಂಬ ನಂಬಿಕೆಯ ಮೇಲೆಯೇ ವಿಸ್ಲರನ ಮುಂದಿನ ವಾದವೆಲ್ಲ ನಿಂತಿದೆ. ಆ ನಂಬಿಕೆ ಸಾಕ್ಷಿಕಟ್ಟೆಯಲ್ಲಿಯೇ ಮುರಿದುಬಿದ್ದಿತ್ತು.

3

ಗ್ರಂಥಸಂಪಾದನೆಯಲ್ಲಿ ಆಸಕ್ತಿಯಿರುವವರಿಗೆ ವಿಸ್ಲರನ ಪುಸ್ತಕದ ಸ್ವರೂಪವೇ ಒಂದು ಅಧ್ಯಯನವಿಷಯ. ಈ ಬರಹಗಳನ್ನು ಸಂಕಲಿಸುವ ಕೆಲಸಕ್ಕೆ ಮೊದಲು ಕೈಹಾಕಿದವನು ಶೆರಿಡನ್ ಫೋರ್ಡ್ ಎಂಬ ಅಮೆರಿಕದ ಪತ್ರಕರ್ತ. ನಡುವೆ ವಿಸ್ಲರ್ ಮನಸ್ಸು ಬದಲಿಸಿ ಆತನನ್ನು ಕೈಬಿಟ್ಟ. ಫೋರ್ಡ್ ತನ್ನ ಆವೃತ್ತಿಯನ್ನು ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದಾಗ ಪ್ರತಿಗಳು ಜಪ್ತಿಯಾದವು. ಅನಂತರ ಲಂಡನ್ನಿನ ಹೈನ್‌ಮನ್ ಪ್ರಕಾಶನದಿಂದ ಅಧಿಕೃತ ಆವೃತ್ತಿ ಬಂತು. 1892ರಲ್ಲಿ ಅದರ ವಿಸ್ತೃತ ಆವೃತ್ತಿ ಹೊರಬಂತು. ಪುಟದ ಅಗಲವಾದ ಅಂಚು, ಅಕ್ಷರಗಳ ಜೋಡಣೆ, ಎಲ್ಲಿ ಎಷ್ಟು ಖಾಲಿ ಬಿಡಬೇಕೆಂಬುದು, ಎಲ್ಲವನ್ನೂ ವಿಸ್ಲರ್ ಚಿತ್ರದ ಚೌಕಟ್ಟಿನೊಳಗೆ ಕೆಲಸ ಮಾಡುವವನ ಎಚ್ಚರದಿಂದ ನಿರ್ಧರಿಸಿದ್ದಾನೆ. ಆತನ ಸಹಿಯಾದ ಚಿಟ್ಟೆ ಪುಟಪುಟದಲ್ಲಿಯೂ ಬೇರೆ ಬೇರೆ ಭಂಗಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಬಾಲದಲ್ಲಿ ಒಂದು ಕೊಂಡಿ. ವಚನದ ಕೊನೆಯಲ್ಲಿ ಅಂಕಿತ ಮಾಡುವ ಕೆಲಸವನ್ನು ಇಲ್ಲಿ ಈ ಚಿಟ್ಟೆ ಮಾಡುತ್ತದೆ ಎನ್ನಬಹುದು.

ಇನ್ನೂ ಮುಖ್ಯವಾದುದು ಪಾರ್ಶ್ವಟಿಪ್ಪಣಿಗಳು. ವಿಚಾರಣೆಯ ವೃತ್ತಾಂತವನ್ನು ವಿಸ್ಲರ್ ತನ್ನ ಧಾಟಿಯಲ್ಲಿ ನಿರೂಪಿಸುತ್ತ, ಸಾಕ್ಷಿಗಳ ಹೇಳಿಕೆಗಳ ಪಕ್ಕದಲ್ಲಿ ರಸ್ಕಿನ್ನನ ಹಳೆಯ ಗ್ರಂಥಗಳಿಂದಲೇ ಆಯ್ದ ವಿಚಿತ್ರ ತೀರ್ಮಾನಗಳನ್ನು ಇಟ್ಟಿದ್ದಾನೆ. ಮೂಲವನ್ನು ಅದರ ಪಕ್ಕದ ಟಿಪ್ಪಣಿಯೇ ಕಡಿಯುತ್ತದೆ. ಇದೇ ತಂತ್ರದ ಪೂರ್ವರೂಪ 1883ರ ವೆನಿಸ್ ಎಚಿಂಗ್‌ಗಳ ಪ್ರದರ್ಶನದ ಕೈಪಿಡಿಯಲ್ಲಿದೆ. ಅಲ್ಲಿ ಪ್ರತಿ ಕೃತಿಯ ಹೆಸರಿನ ಕೆಳಗೆ, ಹಿಂದೆ ಪತ್ರಿಕೆಗಳಲ್ಲಿ ಬಂದಿದ್ದ ಪ್ರತಿಕೂಲ ವಿಮರ್ಶೆಯ ಸಾಲುಗಳನ್ನು ಅಚ್ಚು ಹಾಕಿಸಿದ್ದ.

ಆ ಕೈಪಿಡಿಗೆ ಸಂಬಂಧಿಸಿದ ಒಂದು ಪಾಠಭೇದ ಸ್ವಾರಸ್ಯಕರವಾಗಿದೆ. ಫ್ರೆಡರಿಕ್ ವೆಡ್ಮೋರ್ ಎಂಬ ವಿಮರ್ಶಕ ವಿಸ್ಲರನ ಯೋಗ್ಯತೆಯನ್ನು ಕಡಿಮೆ ಮಾಡಿ ಹೇಳುವ ಇಚ್ಛೆ ತನಗಿಲ್ಲವೆಂದು ಬರೆದಿದ್ದ. ಅಲ್ಲಿ ಬಳಸಿದ್ದ ಪದ ‘ಅಂಡರ್‌ಸ್ಟೇಟ್’. ಕೈಪಿಡಿಯಲ್ಲಿ ಅದು ‘ಅಂಡರ್‌ಸ್ಟ್ಯಾಂಡ್’ ಎಂದಾಯಿತು. ಅರ್ಥಮಾಡಿಕೊಳ್ಳುವ ಇಚ್ಛೆಯೇ ತನಗಿಲ್ಲವೆಂದು ವಿಮರ್ಶಕ ಹೇಳಿದಂತಾಯಿತು! ವೆಡ್ಮೋರ್ ಆಕ್ಷೇಪಿಸಿದ. ವಿಸ್ಲರ್ ಮುದ್ರಣದೋಷಕ್ಕಾಗಿ ವಿನಯದಿಂದ ವಿಷಾದಿಸುವಂತೆ ನಟಿಸಿ, ಈ ವಿಮರ್ಶಕರ ವಿಷಯದಲ್ಲಿ ಅರ್ಥಮಾಡಿಕೊಳ್ಳುವ ಮಾತು ಎಂದೂ ಹುಟ್ಟುವುದಿಲ್ಲವೆಂಬುದನ್ನು ತಾನು ಮರೆಯಬಾರದಿತ್ತೆಂದು ಉತ್ತರಿಸಿದ. ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದುವುದೇ ವೃತ್ತಿಯಾಗಿರುವ ನಮ್ಮಂಥವರು ಇಲ್ಲಿ ನಗುತ್ತಲೇ ಎಚ್ಚರಗೊಳ್ಳಬೇಕು. ಎದುರಾಳಿಯ ಮಾತನ್ನು ಯಥಾವತ್ತಾಗಿ ಕೊಡುವುದು ಖಂಡನೆಯ ಮೊದಲ ಧರ್ಮ. ಪೂರ್ವಪಕ್ಷವನ್ನು ಕೆಡಿಸಿ ಕಟ್ಟಿದ ಸಿದ್ಧಾಂತ ಗೆದ್ದರೂ ಸೋತಂತೆಯೇ. ವಿಚಾರಣೆಯ ವೃತ್ತಾಂತಕ್ಕೂ ಈ ಎಚ್ಚರ ಸಲ್ಲುತ್ತದೆ. ವಿಸ್ಲರನ ನಿರೂಪಣೆಯನ್ನೇ ದಾಖಲೆಯೆಂದು ಬಹುಕಾಲ ಉದ್ಧರಿಸಲಾಗುತ್ತಿತ್ತು. ಲಿಂಡಾ ಮೆರಿಲ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಿನ ಪತ್ರಿಕಾ ವರದಿಗಳನ್ನು ತಾಳೆನೋಡಿ ವಿಚಾರಣೆಯನ್ನು ಪುನಾರಚಿಸಿದ ಮೇಲೆ ಹಾಗೆ ಉದ್ಧರಿಸುವುದು ಉಚಿತವೆನಿಸದು.

ಹೀಗೆ ಈ ಪುಸ್ತಕದ ಅರ್ಧಭಾಗ ವಿಮರ್ಶಕರ ಮಾತುಗಳಿಂದಲೇ ತುಂಬಿದೆ. ಅವರನ್ನು ತೆಗೆದುಹಾಕಿದರೆ ಪುಸ್ತಕವೇ ಉಳಿಯದು. ಆತ ಹಗೆಗಳೆಂದು ಕರೆದವರಲ್ಲಿ ಹಲವರ ಹೆಸರು ಇಂದು ಬದುಕಿರುವುದು ಆತನ ಪುಟಗಳಲ್ಲಿಯೇ.

4

ಇನ್ನು ವಾದದ ತಿರುಳು. ವಿಚಾರಣೆ ಮುಗಿದ ಮರುತಿಂಗಳೇ ವಿಸ್ಲರ್ ‘ವಿಸ್ಲರ್ ವರ್ಸಸ್ ರಸ್ಕಿನ್: ಆರ್ಟ್ ಅಂಡ್ ಆರ್ಟ್ ಕ್ರಿಟಿಕ್ಸ್’ ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದ. ಖಗೋಳ ವೀಕ್ಷಣಾಲಯವನ್ನು ಔಷಧ ಮಾರುವವನ ಕೈಗೆ, ವೈದ್ಯರ ಮಹಾಸಭೆಯನ್ನು ಕವಿ ಟೆನಿಸನ್ನನ ಅಧ್ಯಕ್ಷತೆಗೆ ಯಾರೂ ಒಪ್ಪಿಸುವುದಿಲ್ಲ. ಹಾಗಿರುವಾಗ ಚಿತ್ರಕಲೆಯ ತೀರ್ಪನ್ನು ಮಾತ್ರ ಕುಂಚ ಹಿಡಿಯದ ಲೇಖಕರಿಗೆ ಬಿಡುವುದೇಕೆ ಎಂಬುದು ಅಲ್ಲಿನ ಪ್ರಶ್ನೆ. 1885ರ ಫೆಬ್ರವರಿ 20ರಂದು, ಶ್ರೋತೃಗಳು ಊಟ ಮುಗಿಸಿ ಬರಲೆಂದು ರಾತ್ರಿ ಹತ್ತು ಗಂಟೆಗೆ ಇಟ್ಟುಕೊಂಡ ‘ಟೆನ್ ಓ’ಕ್ಲಾಕ್’ ಉಪನ್ಯಾಸದಲ್ಲಿ ಈ ವಾದ ಸಿದ್ಧಾಂತದ ಮಟ್ಟಕ್ಕೆ ಏರುತ್ತದೆ. ಪ್ರಕೃತಿಯಲ್ಲಿ ಚಿತ್ರಗಳ ಬಣ್ಣ-ಆಕಾರಗಳೆಲ್ಲ ಇವೆ, ವಾದ್ಯದ ಮನೆಗಳಲ್ಲಿ ಸ್ವರಗಳೆಲ್ಲ ಇರುವಂತೆ. ಆಯ್ದು ಹೊಂದಿಸುವುದೇ ಕಲಾವಿದನ ಕೆಲಸ. ಪ್ರಕೃತಿಯನ್ನು ಇದ್ದಂತೆ ಬರೆಯಬೇಕೆನ್ನುವುದು ವಾದ್ಯದ ಮೇಲೆ ಕೂರೆಂದು ಹೇಳಿದಂತೆ. ಕಲೆಗೂ ಜನಾಂಗದ ಸದ್ಗುಣಕ್ಕೂ ಸಂಬಂಧವಿಲ್ಲ. ಕಲಾಪ್ರೇಮಿಯಾದ ನಾಡು ಎಂಬುದು ಎಂದೂ ಇರಲಿಲ್ಲ. ಕೊನೆಗೆ ಗ್ರೀಸಿನ ಪಾರ್ಥೆನಾನ್ ಶಿಲ್ಪವನ್ನೂ ಜಪಾನಿನ ಹೊಕುಸಾಯ್ ಬರೆದ ಬೀಸಣಿಗೆಯನ್ನೂ ಒಟ್ಟಿಗೆ ಹಿಡಿದು, ಸೌಂದರ್ಯದ ಕಥೆ ಇಷ್ಟರಲ್ಲಿಯೇ ಪೂರ್ಣವಾಗಿದೆಯೆಂದು ಮುಗಿಸುತ್ತಾನೆ.

ಈ ಉಪನ್ಯಾಸದ ಮುಖ್ಯ ಆಕ್ಷೇಪ ನಮ್ಮ ದೃಷ್ಟಿಯಲ್ಲಿ ಬೇರೆಯೇ ಇದೆ. ಲೇಖಕನಾದ ವಿಮರ್ಶಕ ಚಿತ್ರವನ್ನು ಕಥೆಯಾಗಿ ಓದುತ್ತಾನೆ. ಅದರಲ್ಲಿ ಪ್ರಸಂಗ, ನೀತಿ, ಭಾವುಕತೆಗಳನ್ನು ಹುಡುಕುತ್ತಾನೆ. ಅವು ಸಿಕ್ಕರೆ ಮೆಚ್ಚುತ್ತಾನೆ, ಸಿಗದಿದ್ದರೆ ಹಳಿಯುತ್ತಾನೆ. ಬಣ್ಣಕ್ಕೆ ಬಣ್ಣ ಹೊಂದಿದ ಬಗೆ, ಗೆರೆ ನಿಂತ ನಿಲುವು, ಖಾಲಿ ಬಿಟ್ಟ ಜಾಗದ ತೂಕ, ಇವು ಅವನ ಭಾಷೆಯೊಳಕ್ಕೆ ಬರುವುದೇ ಇಲ್ಲ. ವಿಸ್ಲರ್ ತನ್ನ ಚಿತ್ರಗಳಿಗೆ ನಾಕ್ಟರ್ನ್, ಸಿಂಫನಿ, ಹಾರ್ಮೊನಿ ಎಂದು ಸಂಗೀತದ ಹೆಸರುಗಳನ್ನು ಇಟ್ಟದ್ದು, ತನ್ನ ತಾಯಿಯ ಚಿತ್ರವನ್ನು ಬೂದು ಮತ್ತು ಕಪ್ಪಿನ ಜೋಡಣೆ ಎಂದು ಕರೆದದ್ದು, ಈ ಕಥಾಮೋಹವನ್ನು ತಡೆಯುವ ಸಲುವಾಗಿ.

5

ಈ ಸಿದ್ಧಾಂತ ಎಲ್ಲಿಯವರೆಗೆ ನಿಲ್ಲುತ್ತದೆ? ಮೂರು ಕಡೆಗಳಿಂದ ಅದನ್ನು ಪರೀಕ್ಷಿಸಬಹುದು.

ಒಂದು, ಕಲಾವಿದನೇ ಕಲೆಯ ನ್ಯಾಯಾಧೀಶ ಎಂಬ ಮಾತು. ವಿಚಾರಣೆಯಲ್ಲಿ ಬರ್ನ್-ಜೋನ್ಸ್ ವಿಸ್ಲರನ ಚಿತ್ರದ ಬಣ್ಣವನ್ನು ಮೆಚ್ಚಿಯೂ ಅದು ಅಪೂರ್ಣವೆಂದ. ಪೂರ್ಣತೆಯ ಮಾದರಿಯಾಗಿ ನ್ಯಾಯಾಲಯದಲ್ಲಿ ತೋರಿಸಿದ್ದು ರಸ್ಕಿನ್ನನ ಸಂಗ್ರಹದಲ್ಲಿದ್ದ ಡೋಜ್ ಗ್ರಿಟ್ಟಿಯ ಭಾವಚಿತ್ರ. ಅದು ಟಿಶನ್ನನ ಕೃತಿಯೆಂದು ಎಲ್ಲರೂ ನಂಬಿದ್ದರು. ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರವನ್ನು ವಿದ್ವಾಂಸರು ಕಟೆನಾ ಎಂಬ ಮತ್ತೊಬ್ಬ ವೆನಿಸ್ ಕಲಾವಿದನದೆಂದು ಗುರುತಿಸುತ್ತಾರೆ. ಬರೆಯಬಲ್ಲ ಕಣ್ಣೂ ತಪ್ಪಬಹುದು. ಅದನ್ನು ತಿದ್ದುವ ಕೆಲಸ ಬರೆಯಲಾರದ ಸಂಶೋಧಕನಿಗೂ ಸಾಧ್ಯವಾಗಬಹುದು. ಆಸ್ಕರ್ ವೈಲ್ಡ್ ಕೂಡ ಉಪನ್ಯಾಸವನ್ನು ಮೆಚ್ಚುತ್ತಲೇ, ಕಲಾವಿದ ತನ್ನ ಪರಿಸರದಿಂದ ಬೇರ್ಪಟ್ಟ ಒಂಟಿ ಸಂಗತಿಯಲ್ಲವೆಂದು ಆಕ್ಷೇಪಿಸಿದ.

ಎರಡು, ಚಿತ್ರದಲ್ಲಿ ಭಾವಕ್ಕೆ ಎಡೆಯಿಲ್ಲವೆಂಬ ಮಾತು. 1888ರಲ್ಲಿ ಕವಿ ಸ್ವಿನ್‌ಬರ್ನ್ ಈ ಉಪನ್ಯಾಸವನ್ನು ವಿಮರ್ಶಿಸಿ, ತಾಯಿಯ ಚಿತ್ರ, ಕಾರ್ಲೈಲನ ಚಿತ್ರಗಳಲ್ಲಿರುವ ಆರ್ದ್ರತೆ ಬರಿಯ ಬಣ್ಣದ ಜೋಡಣೆಯಿಂದ ಬಂದುದಲ್ಲವೆಂದು ತೋರಿಸಿಕೊಟ್ಟ. ಆತ ಹಳೆಯ ಗೆಳೆಯ. 1865ರಲ್ಲಿ ವಿಸ್ಲರನ ಬಿಳಿಯುಡುಗೆಯ ಹುಡುಗಿಯ ಚಿತ್ರವನ್ನು ನೋಡಿ ಆತ ಬರೆದ ಕವಿತೆಯನ್ನು ವಿಸ್ಲರ್ ಸ್ವತಃ ಚೌಕಟ್ಟಿನ ಮೇಲೆ ಅಂಟಿಸಿದ್ದ. ಈಗ ಮಾತ್ರ ಗೆಳೆಯನ ಆಕ್ಷೇಪವನ್ನು ದ್ರೋಹವೆಂದೇ ಬಗೆದು ಉತ್ತರಿಸಿದ. ನಮ್ಮ ತಿಳಿವಳಿಕೆಯಲ್ಲಿ ಸ್ವಿನ್‌ಬರ್ನನ ಲೇಖನ ವಿಸ್ಲರನಿಗೆ ಸಿಕ್ಕ ಅತ್ಯುತ್ತಮ ವಿಮರ್ಶೆ. ಕೃತಿಯನ್ನು ಅದರ ಕರ್ತೃವಿನ ಸಿದ್ಧಾಂತದಿಂದ ಕಾಪಾಡುವುದೂ ವಿಮರ್ಶಕನ ಕರ್ತವ್ಯವೇ ಆಗಿದೆ.

ಮೂರು, ಶ್ರಮ ಮತ್ತು ಬೆಲೆಯ ಪ್ರಶ್ನೆ. ಎರಡು ದಿನಗಳ ದುಡಿಮೆಗೆ 200 ಗಿನಿ ಕೇಳುವಿರಾ ಎಂದು ವಕೀಲ ಕೇಳಿದಾಗ, ತಾನು ಕೇಳುತ್ತಿರುವುದು ಜೀವಮಾನದ ತಿಳಿವಿಗೆ ಎಂದು ವಿಸ್ಲರ್ ನುಡಿದದ್ದು ಪ್ರಸಿದ್ಧ. ಒಂದು ಗಳಿಗೆಯ ಆಲಾಪನೆಯ ಹಿಂದೆ ಎಷ್ಟು ವರ್ಷಗಳ ಸಾಧನೆಯಿದೆಯೆಂದು ಬಲ್ಲ ನಮಗೆ ಈ ಉತ್ತರ ಕೂಡಲೇ ಒಪ್ಪಿಗೆಯಾಗುತ್ತದೆ. ಹಾಗೆಂದು ರಸ್ಕಿನ್ನನ ಪ್ರಶ್ನೆ ಕ್ಷುಲ್ಲಕವಾಗುವುದಿಲ್ಲ. ಆತ ಬರೆಯುತ್ತಿದ್ದುದು ಶ್ರಮಜೀವಿಗಳಿಗೆ. ದುಡಿಮೆಗೂ ಬೆಲೆಗೂ ಇರಬೇಕಾದ ನೈತಿಕ ಸಂಬಂಧ ಆತನ ಜೀವಮಾನದ ಚಿಂತೆ. ಆತನ ‘ಅಂಟು ದಿಸ್ ಲಾಸ್ಟ್’ ಗ್ರಂಥವನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲುಪ್ರಯಾಣದಲ್ಲಿ ಓದಿ ಗಾಂಧೀಜಿ ತಮ್ಮ ಬಾಳನ್ನೇ ಮಾರ್ಪಡಿಸಿಕೊಂಡು, 1908ರಲ್ಲಿ ‘ಸರ್ವೋದಯ’ವೆಂದು ಗುಜರಾತಿಗೆ ಇಳಿಸಿದರು. ಅದೇ ರಸ್ಕಿನ್ 1857ರ ಬಂಡಾಯದ ಬೆನ್ನಲ್ಲೇ ಮಾಡಿದ, ‘ದ ಟು ಪಾತ್ಸ್’ ಗ್ರಂಥದಲ್ಲಿ ಸೇರಿದ ಉಪನ್ಯಾಸದಲ್ಲಿ ಭಾರತೀಯ ಕಲೆ ಪ್ರಕೃತಿಯನ್ನು ನಿರಾಕರಿಸಿದ ಕಲೆಯೆಂದು ಹಳಿದು, ಜನರ ನಡತೆಗೂ ಅದಕ್ಕೂ ಗಂಟು ಹಾಕಿದ್ದನೆಂಬುದನ್ನೂ ಮರೆಯುವಂತಿಲ್ಲ. ಕಲೆಯನ್ನು ನೀತಿಯ ಒರೆಗಲ್ಲಿಗೆ ಉಜ್ಜುವ ಕ್ರಮದ ಹಿರಿಮೆ, ಅಪಾಯಗಳೆರಡೂ ಒಬ್ಬನಲ್ಲಿಯೇ ಕಾಣುತ್ತವೆ. ಅದರ ಅಪಾಯವನ್ನು ವಿಸ್ಲರ್ ಚೆನ್ನಾಗಿ ಕಂಡ. ಹಿರಿಮೆಯನ್ನು ಕಾಣಲು ಆತನಿಗೆ ಮನಸ್ಸಿರಲಿಲ್ಲ.

6

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಜನ ಓದುಬರಹದ ಶಿಕ್ಷಣವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೊಗಳುತ್ತದೆ. ಇದು ವಿಸ್ಲರನ ನಿಲುವಿಗೆ ನೇರ ವಿರುದ್ಧವಾದ ತುದಿ. ಆದರೆ ಈ ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣವೂ ಉಂಟು. ಕಾವ್ಯದ ಸಾಮಗ್ರಿಯಾದ ನುಡಿ ಎಲ್ಲರ ಬಾಯಲ್ಲಿಯೂ ದಿನವೂ ಆಡುವಂಥದು. ಅದರ ಕೊಂಕು, ಹದಗಳನ್ನು ಅರಿಯಲು ಕವಿಯೇ ಆಗಬೇಕಿಲ್ಲ. ಬಣ್ಣ ಹಾಗಲ್ಲ. ಅದನ್ನು ಕಲಸಿ, ಬಳಿದು, ಒರೆಸಿ ನೋಡಿದವರು ಕೆಲವರು. ಆದಕಾರಣ ಚಿತ್ರವನ್ನು ಕುರಿತು ಬರೆಯುವ ಸಾಹಿತ್ಯವಿದ್ಯಾರ್ಥಿಯು ತನಗೆ ಒಲಿದ ನುಡಿಯ ಬಲವನ್ನೇ ನಂಬಿ ಮುನ್ನುಗ್ಗುವಂತಿಲ್ಲ. ನಮ್ಮ ಅಲಂಕಾರಶಾಸ್ತ್ರವು ಸಹೃದಯನಿಗೆ ಗೌರವದ ಸ್ಥಾನವನ್ನು ಕೊಟ್ಟಿದೆ. ಜೊತೆಗೆ ನಿರಂತರ ಅಭ್ಯಾಸದಿಂದ ಅವನ ಮನಸ್ಸು ಕನ್ನಡಿಯಂತೆ ತಿಳಿಯಾಗಿರಬೇಕೆಂಬ ನಿಬಂಧನೆಯನ್ನೂ ಹಾಕಿದೆ. ಕುಕವಿನಿಂದೆ ಮಾಡುವ ಕವಿ ಸಹೃದಯನನ್ನು ಎದುರುನೋಡುತ್ತಲೇ ಇರುತ್ತಾನೆ. ವಿಸ್ಲರನಲ್ಲಿ ನಿಂದೆ ಉಂಟು, ನಿರೀಕ್ಷೆ ಇಲ್ಲ. ಆತನ ಗ್ರಂಥದ ಬಹುದೊಡ್ಡ ಕೊರತೆ ಅದೇ ಎಂದು ನಮ್ಮ ಅಭಿಪ್ರಾಯ.

ಆದರೂ ಆತನ ಆಕ್ಷೇಪ ನಮ್ಮನ್ನು ತಟ್ಟದೆ ಬಿಡದು. ಕನ್ನಡದಲ್ಲಿ ಚಿತ್ರಕಲೆಯನ್ನು ಕುರಿತ ಬರವಣಿಗೆಯ ಹೆಚ್ಚಿನ ಪಾಲು ಸಾಹಿತ್ಯದವರಿಂದ ಬಂದುದು. ಚಿತ್ರವನ್ನು ಕಥೆಯಾಗಿ ಓದುವ ಚಾಳಿ ಅದರಲ್ಲಿ ಸಹಜವಾಗಿಯೇ ಸೇರಿಕೊಂಡಿದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯನ್ನು ಕಾರ್ಯಕ್ಷೇತ್ರವಾಗಿಸಿಕೊಂಡು 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರ ಚಿತ್ರಗಳನ್ನು ನೋಡುವಾಗ, ಊರು ಬಿಟ್ಟು ಬಂದ ಹೊರನಾಡಿಗರಾದ ನಮಗೆ ಮೊದಲು ಕಾಣುವುದು ಬಿಟ್ಟುಬಂದ ಊರೇ. ಆ ಕಾಣ್ಕೆ ಸುಳ್ಳಲ್ಲ. ಆದರೆ ಕುಣಿಯುವ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವ ಅವರ ರೇಖೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ತೆಳುವಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ಹೇಳಲು ಹೊರಟ ಕೂಡಲೇ ನಮ್ಮ ಪರಿಭಾಷೆ ಬಡವಾಗುತ್ತದೆ. ನಾವು ಊರಿನ ನೆನಪನ್ನೇ ವಿಮರ್ಶೆಯೆಂದು ಬರೆದು ಮುಗಿಸುತ್ತೇವೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ದೊಡ್ಡ ಚಿತ್ರಸಂಗ್ರಹಗಳಿವೆ, ಕಲಾಶಾಲೆಗಳಿವೆ, ಕೆಲಸ ಮಾಡುತ್ತಿರುವ ಕಲಾವಿದರ ನೆರೆಯಿದೆ. ಚಿತ್ರಕಾರನ ಕೋಣೆಯಲ್ಲಿ ಕೂತು, ಆತ ಬಳಸುವ ಮಾತುಗಳನ್ನು ಕೇಳಿ ಬರೆದುಕೊಂಡು, ಅವಕ್ಕೆ ಕನ್ನಡದಲ್ಲಿ ಸಮನಾದುದನ್ನು ಹುಡುಕುವ ಕೆಲಸವನ್ನು ಯಾವ ವಿದ್ಯಾರ್ಥಿಯೂ ಆರಂಭಿಸಬಹುದು. ನಮ್ಮ ಮರಗೆಲಸ, ನೇಯ್ಗೆ, ಶಿಲ್ಪಗಳ ಕಸುಬುನುಡಿಯಲ್ಲಿ ಇದಕ್ಕೆ ಬೇಕಾದ ಪದಸಂಪತ್ತು ಬಹಳಷ್ಟಿದೆ.

ವಿಸ್ಲರನ ಆ ಚಿತ್ರ ಇಂದು ಅಮೆರಿಕದ ಡೆಟ್ರಾಯಿಟ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದು 1892ರಲ್ಲಿ 800 ಗಿನಿಗಳಿಗೆ ಮಾರಾಟವಾಯಿತು. ಬೆಲೆ ಏರಿದ ಮಾತ್ರಕ್ಕೆ ರಸ್ಕಿನ್ ತಪ್ಪಿದನೆಂದು ಸಿದ್ಧವಾಗದು. ಪೇಟೆಯು ಚಿತ್ರವನ್ನು ನೋಡದೆಯೂ ತೀರ್ಪು ಕೊಡಬಲ್ಲದು. ಕತ್ತಲಲ್ಲಿ ಉದುರುವ ಆ ಕಿಡಿಗಳು ಒಂದಕ್ಕೊಂದು ಎಷ್ಟು ದೂರದಲ್ಲಿವೆ, ಆ ದೂರ ಏಕೆ ಅಷ್ಟೇ ಇರಬೇಕು ಎಂದು ಹೇಳಬಲ್ಲವನು ಕುಂಚ ಹಿಡಿದವನೇ ಆಗಿರಲಿ, ಲೇಖನಿ ಹಿಡಿದವನೇ ಆಗಿರಲಿ, ಅವನೇ ಅಧಿಕಾರಿ.